ಓಮಿಶಿಮಾದ ಓಯಾಮಜುಮಿ ದೇವಸ್ಥಾನ: ಬೆಟ್ಟದ ದೇವರೋ, ಕಡಲಿನ ದೇವರೋ? ಹೋಗುವ ಕ್ರಮ ಗೊತ್ತಿದ್ದವರು ತಿಳಿಸಿ

ಮಟ್ಟು_ಕಡಲಬದಿ:

ಎಲ್ಲರಿಗೂ ನಮಸ್ಕಾರ. ಅಕ್ಟೋಬರಿನಲ್ಲಿ ಹಿರೋಶಿಮಾಕ್ಕೆ ಹೋಗುವುದುಂಟು, ಜೊತೆಗೆ ಅಮ್ಮ. ಅವರಿಗೆ 67 ವರ್ಷ, ಮೊಣಕಾಲು ನೋವು ಸ್ವಲ್ಪ ಉಂಟು, ಮೀನು ಮುಟ್ಟುವವರಲ್ಲ. ಅಲ್ಲಿಂದ ಒಂದು ದಿನದಲ್ಲಿ ಓಮಿಶಿಮಾ ದ್ವೀಪದ ಓಯಾಮಜುಮಿ ಶಿಂಟೋ (ಜಪಾನಿನ ಮೂಲ ಧರ್ಮ) ದೇವಸ್ಥಾನ ನೋಡಿ ಬರಲಿಕ್ಕೆ ಆಗುತ್ತದಾ? ಕೆಲವು ಕಡೆ "ಬೆಟ್ಟದ ದೇವರು" ಅಂತ ಬರೆದಿದ್ದಾರೆ, ಕೆಲವು ಕಡೆ "ಕಡಲಿನ ರಕ್ಷಕ" ಅಂತ. ಯಾವುದು ಸರಿ? ಅಲ್ಲಿ ಕೈಮುಗಿಯುವ ಕ್ರಮ ಹೇಗೆ, ಚಪ್ಪಲಿ ಎಲ್ಲಿ ಬಿಡಬೇಕು, ಪ್ರದಕ್ಷಿಣೆ ಉಂಟಾ? ಅಮ್ಮ ಊರಿಂದ ಒಂದು ತೆಂಗಿನಕಾಯಿ ಮತ್ತು ಒಂದು ಚೆಂಡು ಶಂಕರಪುರ ಮಲ್ಲಿಗೆ ತಗೊಂಡು ಹೋಗಿ ಒಪ್ಪಿಸಬೇಕು ಅಂತ ಹೇಳ್ತಿದ್ದಾರೆ. ಬಿಡ್ತಾರಾ? ಗೊತ್ತಿದ್ದವರು ವಿವರವಾಗಿ ಬರೆಯಿರಿ.

ಗಂಗೊಳ್ಳಿ_ಅಳಿವೆ:

ಮೊದಲ ಪ್ರಶ್ನೆಗೆ ಉತ್ತರ: ಎರಡೂ ಸರಿ. ಆದರೆ ಎರಡು ದೇವರನ್ನು ತಂದು ಒಟ್ಟಿಗೆ ಕೂರಿಸಿದ್ದಲ್ಲ, ದೇವರು ಒಬ್ಬನೇ.

ದೇವರ ಹೆಸರು ಓಯಾಮತ್ಸುಮಿ, ದೇವಸ್ಥಾನದ ಹೆಸರಿನಲ್ಲಿ ಅದೇ ಓಯಾಮಜುಮಿ. "ಓ" ಅಂದರೆ ದೊಡ್ಡ, "ಯಾಮ" ಅಂದರೆ ಬೆಟ್ಟ, "ತ್ಸು" ನಮ್ಮ ಷಷ್ಠಿ ವಿಭಕ್ತಿಯ ಹಾಗೆ, "ಮಿ" ಅಂದರೆ ಒಳಗಿನ ಚೈತನ್ಯ. ದೊಡ್ಡ ಬೆಟ್ಟದ ಚೈತನ್ಯ ಅಂತ ಅರ್ಥ. ಅಲ್ಲಿಯ ಕಡಲ ದೇವರ ಹೆಸರು ವಾತಾತ್ಸುಮಿ, ಅದೇ ಅಚ್ಚಿನ ಪದ. ಹಳೆಯ ಜಪಾನಿ ಭಾಷೆಯಲ್ಲಿ "ವಾತಾ" ಅಂದರೆ ಕಡಲು. ಈಗಿನ ಎಹಿಮೆ ಪ್ರಾಂತ್ಯಕ್ಕೆ ಹಿಂದೆ ಇಯೋ ಅಂತ ಹೆಸರಿತ್ತು. ಆ ನಾಡಿನ ಪ್ರಾಚೀನ ವರದಿಯ ಉಳಿದ ತುಣುಕೊಂದರಲ್ಲಿ ಓಯಾಮತ್ಸುಮಿಗೆ "ವಾತಾಶಿ ನೋ ಓಕಾಮಿ" ಅನ್ನುವ ಇನ್ನೊಂದು ಹೆಸರು ಸಿಗುತ್ತದೆ. "ವಾತಾಶಿ"ಯಲ್ಲಿ ಕಡಲೂ ಕೇಳಿಸುತ್ತದೆ, ದಾಟಿಸುವುದು ಅನ್ನುವ ಅರ್ಥವೂ ಕೇಳಿಸುತ್ತದೆ. ಬೆಟ್ಟದ ಹೆಸರು ಹೊತ್ತ ದೇವರೇ ಕಡಲು ದಾಟಿಸುವವನೂ ಆದದ್ದು ಹೀಗೆ.

ಯಾಕೆ ಹಾಗೆ ಅಂತ ಪುರಾಣದಲ್ಲಿ ಹುಡುಕುವುದಕ್ಕಿಂತ ಆ ನೀರಿನಲ್ಲಿ ಹುಡುಕುವುದು ಒಳ್ಳೆಯದು. ಓಮಿಶಿಮಾ ಇರುವುದು ಸೆತೋ ಒಳಸಮುದ್ರದ ನಡುವೆ. ಸುತ್ತ ದ್ವೀಪವೇ ದ್ವೀಪ, ಮಧ್ಯದಲ್ಲಿ ಇಕ್ಕಟ್ಟಾದ ನೀರು. ದೇವಸ್ಥಾನದ ಬೆನ್ನಿಗೆ ವಾಶಿಗಾತೋ ಬೆಟ್ಟ, ಎತ್ತರ 436 ಮೀಟರ್, ಆ ದ್ವೀಪದಲ್ಲಿ ಅದಕ್ಕಿಂತ ಎತ್ತರದ್ದು ಇಲ್ಲ. ದಕ್ಷಿಣಕ್ಕೆ ಕುರುಶಿಮಾ ಜಲಸಂಧಿ. ಅಲ್ಲಿ ಉಬ್ಬರ ಇಳಿತದ ಸೆಳೆತ ಗಂಟೆಗೆ 10 ನಾಟಿಕಲ್ ಮೈಲಿವರೆಗೂ ಏರುತ್ತದೆ. ಇವತ್ತಿಗೂ ಅಲ್ಲಿ ದೊಡ್ಡ ಹಡಗುಗಳಿಗೆ ಬೇರೆಯೇ ನಿಯಮ: ನೀರಿನ ಜೊತೆಗೆ ಹೋಗುವ ಹಡಗು ನಡುವಿನ ಕಾಲುವೆ ಹಿಡಿಯಬೇಕು, ನೀರಿಗೆ ಎದುರಾಗಿ ಹೋಗುವುದು ಪಶ್ಚಿಮದ ಕಾಲುವೆ. ನೀರು ಹಿಂದಿನಿಂದ ದೂಡುವಾಗ ಚುಕ್ಕಾಣಿಯ ಹಿಡಿತ ಕಡಿಮೆ, ಅದಕ್ಕೆ ತಿರುವು ಕಡಿಮೆ ಇರುವ ದಾರಿ. ನೀರು ದಿಕ್ಕು ಬದಲಿಸಿದ ಹಾಗೆ ಹಡಗುಗಳ ದಾರಿಯೂ ಅದಲು ಬದಲು. ಇಂಜಿನ್ ಇಲ್ಲದ ಕಾಲದಲ್ಲಿ ಅಲ್ಲಿ ದೋಣಿ ಬಿಟ್ಟವರು ಏನನ್ನು ನೋಡಿಕೊಂಡು ಬಿಟ್ಟರು? ಬೆಟ್ಟವನ್ನೇ.

ಇದು ನಮ್ಮ ಕರಾವಳಿಯವರಿಗೆ ವಿವರಿಸಬೇಕಾದ ವಿಷಯವೇ ಅಲ್ಲ. ಹತ್ತಿರದ ಒಂದು ಗುರುತು, ದೂರದ ಒಂದು ಗುರುತು, ಎರಡೂ ಒಂದೇ ನೇರಕ್ಕೆ ಬಂದರೆ ಒಂದು ಗೆರೆ ಸಿಕ್ಕಿತು. ಇನ್ನೊಂದು ದಿಕ್ಕಿನಲ್ಲಿ ಹಾಗೆಯೇ ಮತ್ತೊಂದು ಗೆರೆ. ಎರಡು ಗೆರೆ ಕೂಡಿದಲ್ಲಿ ನಿಮ್ಮ ದೋಣಿ. ಎರಡು ಗೆರೆ ಹೆಚ್ಚು ಕಡಿಮೆ ಒಂದೇ ದಿಕ್ಕಿನಲ್ಲಿದ್ದರೆ ಲೆಕ್ಕ ತಪ್ಪುತ್ತದೆ, ಒಂದಕ್ಕೊಂದು ಅಡ್ಡವಾಗಿ ಇದ್ದಷ್ಟೂ ಜಾಗ ಖಚಿತ. ಜಪಾನಿನ ಮೀನುಗಾರರು ಇದಕ್ಕೆ "ಯಾಮಾ-ಆತೆ" ಅನ್ನುತ್ತಾರೆ, ಬೆಟ್ಟಕ್ಕೆ ಗುರಿ ಹಿಡಿಯುವುದು. ನಮ್ಮಲ್ಲಿ ಕಾಪುವಿನ ದೀಪಸ್ತಂಭ ಬರುವ ಮೊದಲು ದೂರದ ಗುರುತು ಘಟ್ಟದ ಸಾಲೇ. ಕುದುರೆಮುಖ ಕುದುರೆಯ ಮುಖದ ಹಾಗೆ ಕಾಣುವುದು ಪಡುಗಡೆಯಿಂದ, ಕಡಲಿನಲ್ಲಿ ನಿಂತವರಿಗೂ ಅದು ಗುರುತಿನ ಶಿಖರ. ಜೊತೆಗೆ ದೋಣಿಗೆ ಬೇಕಾದ ಮರ ಕೊಡುವುದೂ ಬೆಟ್ಟವೇ.

ಪುರಾಣದ ಒಂದು ಎಳೆ ಮಾತ್ರ ಸೇರಿಸುತ್ತೇನೆ, ಯಾಕೆಂದರೆ ಇದಕ್ಕೆ ಚೆನ್ನಾಗಿ ಕೂಡುತ್ತದೆ. 712ರಲ್ಲಿ ಸಂಕಲನಗೊಂಡ ಜಪಾನಿನ ಪುರಾಣ ಗ್ರಂಥ ಕೊಜಿಕಿಯಲ್ಲಿ ಓಯಾಮತ್ಸುಮಿ ಆಕಾಶದಿಂದ ಇಳಿದು ಬಂದ ನಿನಿಗಿಗೆ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕೊಡುತ್ತಾನೆ: ಹೂವಿನಂಥ ಕೊನೊಹಾನಾ ಸಾಕುಯಾ, ಬಂಡೆಯಂಥ ಇವಾನಾಗಾ. ಅಳಿಯ ಚೆಲುವೆಯನ್ನು ಇಟ್ಟುಕೊಂಡು ಬಂಡೆಯವಳನ್ನು ವಾಪಸು ಕಳಿಸುತ್ತಾನೆ. ಬಂಡೆಯನ್ನು ಬೇಡವೆಂದದ್ದಕ್ಕೆ ಅವನ ವಂಶದವರ ಆಯುಷ್ಯ ಹೂವಿನಷ್ಟೇ ಆಯಿತು. ಸಾಕುಯಾಳ ಮಕ್ಕಳಲ್ಲಿ ಒಬ್ಬನಿಗೆ ಕಡಲಿನ ಬೇಟೆ ಒಲಿದದ್ದು, ಇನ್ನೊಬ್ಬನಿಗೆ ಬೆಟ್ಟದ ಬೇಟೆ. ಬೆಟ್ಟದ ದೇವರ ಮೊಮ್ಮಕ್ಕಳೇ ಕಡಲು ಬೆಟ್ಟ ಹಂಚಿಕೊಂಡವರು.

ಕದ್ರಿಗುಡ್ಡೆ:

ದಾರಿ ನಾನು ಬರೆಯುತ್ತೇನೆ. ಒಂದು ದಿನದಲ್ಲಿ ಆಗುತ್ತದೆ, ಬೆಳಿಗ್ಗೆ ಬೇಗ ಹೊರಟರೆ ಮಾತ್ರ.

ಹಿರೋಶಿಮಾದಿಂದ ಫುಕುಯಾಮಾಕ್ಕೆ ಶಿಂಕಾನ್ಸೆನ್ ರೈಲು, ವೇಗದ ಗಾಡಿಯಾದರೆ 25 ನಿಮಿಷದ ಆಸುಪಾಸು. ಫುಕುಯಾಮಾ ಸ್ಟೇಷನ್ ಎದುರಿಂದ ಇಮಾಬಾರಿಗೆ ಹೋಗುವ ಶಿಮಾನಾಮಿ ಲೈನರ್ ಬಸ್ಸು. ಇಳಿಯುವುದು "ಓಮಿಶಿಮಾ ಬಿ.ಎಸ್." ನಿಲ್ದಾಣದಲ್ಲಿ, ಸುಮಾರು ಒಂದು ಗಂಟೆ. ಇದು ಎಕ್ಸ್‌ಪ್ರೆಸ್ ಹೆದ್ದಾರಿ ಬದಿಯ ನಿಲ್ದಾಣ, ಸುತ್ತ ಪೇಟೆ ಇಲ್ಲ. ಅಲ್ಲಿಂದ ಲೋಕಲ್ ಬಸ್ಸು ಹಿಡಿದು "ಓಯಾಮಜುಮಿ ಜಿಂಜಾ ಮಾಯೆ" ಅನ್ನುವಲ್ಲಿ ಇಳಿಯಬೇಕು. ಕಾರಾದರೆ ಹತ್ತು ನಿಮಿಷದ ದಾರಿ. ಹೆಚ್ಚಿನವರು ಸಿಕ್ಕಿಬೀಳುವುದು ಈ ತುಂಡಿನಲ್ಲೇ. ಲೋಕಲ್ ಬಸ್ಸು ನಮ್ಮ ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ಸಿನ ಹಾಗೆ ಒಂದರ ಹಿಂದೆ ಒಂದು ಬರುವುದಿಲ್ಲ, ದಿನಕ್ಕೆ ಕೆಲವೇ. ಹೋಗುವ ಸಮಯಕ್ಕಿಂತ ಮೊದಲು ವಾಪಸಿನ ಕೊನೆಯ ಬಸ್ಸಿನ ಸಮಯ ಬರೆದಿಟ್ಟುಕೊಳ್ಳಿ, ಆಮೇಲೆ ಉಳಿದದ್ದು. ಜೆ.ಆರ್. ಪಾಸ್ (ಪ್ರವಾಸಿಗರಿಗೆ ಕೊಡುವ ಜಪಾನ್ ರೈಲ್ವೆ ಪಾಸ್) ಈ ಬಸ್ಸುಗಳಿಗೆ ನಡೆಯುವುದಿಲ್ಲ.

ಲೋಕಲ್ ಬಸ್ಸಿಗೆ ಸಾಮಾನ್ಯವಾಗಿ ಹಿಂದಿನ ಅಥವಾ ನಡುವಿನ ಬಾಗಿಲಿಂದ ಹತ್ತುವುದು, ಹತ್ತುವಾಗ ಪಕ್ಕದ ಯಂತ್ರದಿಂದ ನಂಬರಿನ ಚೀಟಿ ಎಳೆದುಕೊಳ್ಳಬೇಕು. ಡ್ರೈವರ್ ಮೇಲಿರುವ ಫಲಕದಲ್ಲಿ ನಿಮ್ಮ ನಂಬರಿನ ಕೆಳಗೆ ಎಷ್ಟು ಬರುತ್ತದೋ ಅಷ್ಟು, ಇಳಿಯುವಾಗ ಮುಂದೆ ಹಾಕುವುದು. ಚೀಟಿ ಇಲ್ಲದಿದ್ದರೆ ನೀವು ಎಲ್ಲಿ ಹತ್ತಿದ್ದು ಅಂತ ಅವರಿಗೆ ಗೊತ್ತಾಗುವುದಿಲ್ಲ. ಚಿಲ್ಲರೆ ಇಟ್ಟುಕೊಳ್ಳಿ.

ಇನ್ನೊಂದು ದಾರಿ ನೀರಿನದ್ದು: ತಾದಾನೊಉಮಿ ಬಂದರಿನಿಂದ ಫೆರ್ರಿ, ಮೊಲಗಳಿಗೆ ಹೆಸರಾದ ಓಕುನೊಶಿಮಾ ದಾಟಿ, ಓಮಿಶಿಮಾದ ಸಾಕಾರಿ ಬಂದರಿಗೆ. ಅಮ್ಮನಿಗೆ ಇಷ್ಟ ಆಗಬಹುದು, ಆದರೆ ಸಾಕಾರಿಯಿಂದ ದೇವಸ್ಥಾನಕ್ಕೆ ಮತ್ತೆ ಗಾಡಿ ಬೇಕು. ಸೈಕಲ್ಲಿನವರ ಬ್ಲಾಗು ನೋಡಿ ಮೋಸಹೋಗಬೇಡಿ. ಶಿಮಾನಾಮಿ ಸೈಕಲ್ ಮಾರ್ಗ ಒಟ್ಟು 70 ಕಿ.ಮೀ., ದೇವಸ್ಥಾನ ಅದರ ಮೇಲೆ ಇಲ್ಲ, ತಾತಾರಾ ಸೇತುವೆಯ ಕಡೆಯಿಂದ ಏರು ಹತ್ತಿ ಇನ್ನೂ ಸುಮಾರು 7 ಕಿ.ಮೀ.

ನೀವು ಕಾರು ಓಡಿಸುವವರಾದರೆ ಅದೇ ಸುಲಭ. 1949ರ ಜಿನೀವಾ ಒಪ್ಪಂದದ ಪ್ರಕಾರದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಜಪಾನಿನಲ್ಲಿ ನಡೆಯುತ್ತದೆ, ಅದನ್ನು ಇಲ್ಲಿಯ ಆರ್‌ಟಿಒದಲ್ಲೇ ಮಾಡಿಸಿಕೊಂಡು ಹೋಗಬೇಕು. ಅಲ್ಲಿಯೂ ಎಡಬದಿ ಸಂಚಾರ.

ಮ್ಯಾಪಿನಲ್ಲಿ ಹುಡುಕುವಾಗ ಎಚ್ಚರ. ಈ ದೇವರ ಶಾಖೆಗಳು ದೇಶದಲ್ಲಿ 10,000ಕ್ಕೂ ಹೆಚ್ಚು ಅಂತ ಲೆಕ್ಕ, ಓಯಾಮಜುಮಿ, ಮಿಶಿಮಾ ಅನ್ನುವ ಹೆಸರು ಎಲ್ಲ ಕಡೆ ಸಿಗುತ್ತದೆ. ಶಿಜುವೊಕಾ ಪ್ರಾಂತ್ಯದ ಮಿಶಿಮಾ ತಾಯ್‌ಶಾ ದೊಡ್ಡ ಕ್ಷೇತ್ರವೇ, ಆದರೆ ನಿಮಗೆ ಬೇಕಾದ್ದು ಅದಲ್ಲ. ಇಮಾಬಾರಿ ನಗರ, ಓಮಿಶಿಮಾ, ಮಿಯಾಉರಾ ಅನ್ನುವ ಮೂರೂ ಹೆಸರು ಕಾಣಬೇಕು.

ಮೊಣಕಾಲಿನ ವಿಷಯ: ಒಳಗಿನ ದಾರಿ ಹೆಚ್ಚು ಕಡಿಮೆ ಸಮತಟ್ಟು, ಒಳ ಬಾಗಿಲಿನ ಹತ್ತಿರ ಕೆಲವು ಮೆಟ್ಟಿಲು. ಹಿಂಬದಿಯಲ್ಲಿ "ಇಕಿಕಿ ನೋ ಗೊಮೊನ್" ಅನ್ನುವ ಪೊಳ್ಳು ಕರ್ಪೂರದ ಮರ ಉಂಟು, ಅದರ ಬೇರಿನ ಒಳಗಿನಿಂದಲೇ ದಾರಿ. ನೋಡಬೇಕಾದ್ದೇ, ಆದರೆ ಅಮ್ಮ ಹೊರಗಿಂದ ನೋಡಿದರೆ ಸಾಕು.

ಕುರ್ಕಾಲು_ಓದುಗ:

ಮಲ್ಲಿಗೆಯ ಪ್ರಶ್ನೆಗೆ ಮೊದಲು ಉತ್ತರ, ಯಾಕೆಂದರೆ ಅದು ಊರಲ್ಲೇ ತೀರ್ಮಾನ ಆಗಬೇಕು. ತಗೊಂಡು ಹೋಗಬೇಡಿ. ಹಸಿ ಹೂ, ಹಣ್ಣು, ಕಾಯಿ, ಅಕ್ಕಿ ಇವಕ್ಕೆ ಭಾರತ ಸರಕಾರದ ಸಸ್ಯ ಆರೋಗ್ಯ ಪ್ರಮಾಣಪತ್ರ ಇರಬೇಕು, ಇಳಿದಲ್ಲಿ ತಪಾಸಣೆ ಆಗಬೇಕು. ಪತ್ರ ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ತೆಗೆದು ಹಾಕುತ್ತಾರೆ. ಅಟ್ಟೆಯಲ್ಲಿ ಕಟ್ಟಿದ ಮಲ್ಲಿಗೆ ಕಸಕ್ಕೆ ಹೋಗುವುದನ್ನು ಅಮ್ಮ ನೋಡುವುದು ಬೇಡ. ಅಲ್ಲದೆ ಭಕ್ತರು ಹೂ ಕಾಯಿ ಕೊಟ್ಟು ಪೂಜೆ ಮಾಡಿಸುವ ಕ್ರಮವೂ ಅಲ್ಲಿ ಇಲ್ಲ. ಅಕ್ಕಿ, ಉಪ್ಪು, ನೀರು, ಸಾಕೆ (ಅಕ್ಕಿಯ ಮದ್ಯ), ಮೀನು, ಕಡಲ ಸೊಪ್ಪು ಇವನ್ನು ಅರ್ಚಕರೇ ಒಪ್ಪಿಸುತ್ತಾರೆ.

ಬಾಗಿಲಿಂದ ಶುರು ಮಾಡುವ. ತೋರಿ ಅಂದರೆ ದೇವಸ್ಥಾನದ ದಾರಿಯಲ್ಲಿ ನಿಲ್ಲಿಸಿದ ಕಮಾನಿನಂಥ ದ್ವಾರ, ಅದರ ಎದುರು ನಿಂತು ಒಮ್ಮೆ ತಲೆಬಾಗಿ ಒಳಗೆ. ದಾರಿಯ ನಟ್ಟನಡುವೆ ನಡೆಯಬೇಡಿ, ಅದು ದೇವರ ದಾರಿ, ಬದಿಯಲ್ಲಿ ಹೋಗುವುದು. ಚಪ್ಪಲಿ ಬಿಡಲಿಕ್ಕಿಲ್ಲ, ಗಂಡಸರು ಅಂಗಿ ತೆಗೆಯಲಿಕ್ಕೂ ಇಲ್ಲ. ನಮ್ಮವರು ಅಭ್ಯಾಸಬಲದಿಂದ ಜಲ್ಲಿಯ ಮೇಲೆ ಬರಿಗಾಲಲ್ಲಿ ನಡೆದು ಕಾಲು ನೋಯಿಸಿಕೊಳ್ಳುವುದು ಬೇಡ.

ಕೈತೊಳೆಯುವ ತೊಟ್ಟಿಯಲ್ಲಿ ಕ್ರಮ ಹೀಗೆ. ಬಲಗೈಯಲ್ಲಿ ಸೌಟು ಹಿಡಿದು ಒಂದು ಸೌಟು ತುಂಬ ನೀರು ತೆಗೆಯಿರಿ. ಎಲ್ಲ ಕೆಲಸ ಅದರಲ್ಲೇ ಮುಗಿಯಬೇಕು. ಎಡಗೈ ತೊಳೆದು ಸೌಟು ಎಡಗೈಗೆ, ಬಲಗೈ ತೊಳೆದು ಸೌಟು ಮತ್ತೆ ಬಲಗೈಗೆ. ಎಡ ಅಂಗೈಗೆ ಸ್ವಲ್ಪ ನೀರು ಬಿಟ್ಟು ಬಾಯಿ ಮುಕ್ಕಳಿಸಿ, ಮೆಲ್ಲಗೆ ತೊಟ್ಟಿಯ ಹೊರಗೆ ಉಗುಳಿ. ಮತ್ತೆ ಎಡಗೈ ತೊಳೆದು, ಉಳಿದ ನೀರು ಹಿಡಿಯ ಮೇಲೆ ಇಳಿಯುವ ಹಾಗೆ ಸೌಟನ್ನು ನೆಟ್ಟಗೆ ನಿಲ್ಲಿಸಿ, ಕವುಚಿ ಇಡಿ. ನಮ್ಮವರಿಂದ ಆಗುವ ತಪ್ಪು ಎರಡು: ತೀರ್ಥ ಅಂತ ನುಂಗುವುದು, ಸೌಟಿಗೇ ಬಾಯಿ ಇಡುವುದು. ಅದು ತೀರ್ಥ ಅಲ್ಲ, ನಾವು ಕೆರೆಯಲ್ಲಿ ಕೈಕಾಲು ತೊಳೆದು ಒಳಗೆ ಹೋಗುತ್ತೇವಲ್ಲ, ಅದು.

ಪ್ರಾರ್ಥನಾ ಮಂಟಪದ ಎದುರು ಕಾಣಿಕೆ ಪೆಟ್ಟಿಗೆ. ನಾಣ್ಯವನ್ನು ಎಸೆಯದೆ ಮೆಲ್ಲಗೆ ಬಿಡಿ. 5 ಯೆನ್ ನಾಣ್ಯ ಹಾಕುವ ವಾಡಿಕೆ ಉಂಟು, "ಗೊ-ಎನ್" ಅಂದರೆ 5 ಯೆನ್ನೂ ಹೌದು, ಋಣಾನುಬಂಧವೂ ಹೌದು. ಆಮೇಲೆ ಸೊಂಟದಿಂದ ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಕೈಮುಗಿದು ಮನಸ್ಸಿನಲ್ಲಿ ಹೇಳಿಕೊಂಡು, ಕೊನೆಗೆ ಒಂದು ಸಲ ಬಾಗಿ. ಚಪ್ಪಾಳೆಗೆ ಮೊದಲು ಬಲ ಅಂಗೈಯನ್ನು ಒಂದಿಷ್ಟು ಕೆಳಗೆ ಜಾರಿಸುವುದು ಕ್ರಮ, ಸದ್ದು ಚೊಕ್ಕ ಬರುತ್ತದೆ. ಪ್ರದಕ್ಷಿಣೆ ಇಲ್ಲ, ಅಡ್ಡಬೀಳುವುದು ಇಲ್ಲ, ಮೂರ್ತಿ ಕಾಣಲಿಕ್ಕಿಲ್ಲ. ಗರ್ಭಗುಡಿಯ ಬಾಗಿಲು ಮುಚ್ಚಿಯೇ ಇರುತ್ತದೆ. ಆ ಗುಡಿ 1427ರಲ್ಲಿ ಮತ್ತೆ ಕಟ್ಟಿದ್ದು, ಹಿನೋಕಿ ಮರದ ತೊಗಟೆಯ ಹೊದಿಕೆ. ಮುಂದಿನ ದೊಡ್ಡ ಹೆಬ್ಬಾಗಿಲು 1322ರಲ್ಲಿ ಸುಟ್ಟು ಹೋದದ್ದು, ಮತ್ತೆ ನಿಂತದ್ದು 2010ರಲ್ಲಿ.

ಹೆಸರು ಹೇಳಿ ಪ್ರಾರ್ಥನೆ ಮಾಡಿಸಬೇಕಾದರೆ ಕಚೇರಿಯಲ್ಲಿ ಹೇಳಬೇಕು. ಕಾಣಿಕೆ ಸಾಮಾನ್ಯವಾಗಿ 5,000 ಯೆನ್ನಿನಿಂದ ಮೇಲೆ, ಕವರಿನಲ್ಲಿ ಹಾಕಿ ಕೊಡುವುದು. ಕೆಂಪು-ಬಿಳಿ ದಾರದ ಕವರು ಒಳ್ಳೆಯದು, ಬರೀ ಬಿಳಿ ಕವರೂ ಆಗುತ್ತದೆ. ಕಪ್ಪು-ಬಿಳಿ ಸಾವಿನ ಮನೆಗೆ. ಆ ಕಾಣಿಕೆಯ ಹೆಸರು "ಹಾತ್ಸುಹೊ-ರ್‍ಯೋ", ಅಕ್ಷರಶಃ ಮೊದಲ ತೆನೆಯ ಹಣ. ಮನೆಗೆ ಕುರಲು (ಹೊಸ ತೆನೆ) ತಂದು ಕಟ್ಟುವ ನಮ್ಮ ತುಳುನಾಡಿನವರಿಗೆ ಆ ಒಂದು ಶಬ್ದ ಸಾಕು. ಒಳಗೆ ಹೋಗುವಾಗ ಪಾದರಕ್ಷೆ ತೆಗೆಯಬೇಕು, ಶುಭ್ರ ಸಾಕ್ಸ್ ಇರಲಿ.

ಒಳಗೆ ಕಾಗದದ ಪಟ್ಟಿ ಕಟ್ಟಿದ ಸಾಕಾಕಿ ಮರದ ಕೊಂಬೆ ಕೊಡುತ್ತಾರೆ, ತಾಮಾಗುಶಿ. ಬುಡವನ್ನು ಬಲಗೈಯಿಂದ ಮೇಲಿಂದ ಹಿಡಿದು, ಎಲೆಯ ಕಡೆಗೆ ಎಡಗೈ ಕೆಳಗಿಂದ ಆಧಾರ. ಮೇಜಿನ ಎದುರು ಗಡಿಯಾರದ ಮುಳ್ಳಿನ ದಿಕ್ಕಿಗೆ ಕಾಲು ಸುತ್ತು ತಿರುಗಿಸಿದರೆ ಬುಡ ನಿಮ್ಮ ಕಡೆಗೆ ಬರುತ್ತದೆ. ಎಡಗೈಯನ್ನು ಬುಡಕ್ಕೆ ತಂದು, ಬೇಡಿಕೆ ಹೇಳಿಕೊಳ್ಳಿ. ಬಲಗೈಯನ್ನು ಎಲೆಯ ಅಡಿಗೆ ತಂದು, ಅದೇ ದಿಕ್ಕಿನಲ್ಲಿ ಮತ್ತೆ ಅರ್ಧ ಸುತ್ತು. ಈಗ ಬುಡ ದೇವರ ಕಡೆಗೆ. ಹಾಗೆ ಇಟ್ಟು ಎರಡು ಬಾಗು, ಎರಡು ಚಪ್ಪಾಳೆ, ಒಂದು ಬಾಗು. ಗಾಬರಿಯಲ್ಲಿ ಬುಡವನ್ನು ತಮ್ಮ ಕಡೆಗೇ ಇಟ್ಟು ಬರುವವರು ಬಹಳ. ಕೊಡುವ ವಸ್ತುವಿನ ಹಿಡಿ ತೆಗೆದುಕೊಳ್ಳುವವನ ಕಡೆಗೆ ಇರಬೇಕು, ಕತ್ತಿ ಕೊಡುವಾಗ ಹಿಡಿ ಮುಂದೆ ಮಾಡುವ ಹಾಗೆ.

ಸೂತಕದ ವಿಚಾರವೂ ಉಂಟು. ಮನೆಯಲ್ಲಿ ಸಾವು ಆದರೆ ಅಲ್ಲಿ 50 ದಿನ ದೇವಸ್ಥಾನಕ್ಕೆ ಹೋಗದಿರುವುದು ವಾಡಿಕೆ.

ಮಟ್ಟು_ಕಡಲಬದಿ:

ತುಂಬ ಉಪಕಾರ ಆಯಿತು. ಮಲ್ಲಿಗೆ ಬಿಡುತ್ತೇವೆ. ಇನ್ನೊಂದು ಪ್ರಶ್ನೆ: ಅಲ್ಲಿ ಕಾಣದ ದೇವರ ಜೊತೆ ಒಬ್ಬನೇ ಕುಸ್ತಿ ಮಾಡುವ ಹಬ್ಬ ಉಂಟಂತೆ. ಅಕ್ಟೋಬರಿನಲ್ಲಿ ಸಿಗುತ್ತದಾ? ಮತ್ತೆ, ಈ ದೇವರನ್ನು ನಮ್ಮ ಕಡಲ ದೈವ ಬೊಬ್ಬರ್ಯನಿಗೆ ಹೋಲಿಸಿ ಅಮ್ಮನಿಗೆ ಹೇಳಿದರೆ ತಪ್ಪಾಗುತ್ತದಾ?

ಹಿರಿಯಡ್ಕ_ಬೈಲು:

ಹಿತೊರಿ-ಜುಮೊ, ಒಬ್ಬನ ಸುಮೊ. ವರ್ಷಕ್ಕೆ ಎರಡು ಸಲ: ಹಳೆಯ ಚಾಂದ್ರಮಾನದ 5ನೇ ತಿಂಗಳ 5ನೇ ದಿನ ನಾಟಿ ಹಬ್ಬಕ್ಕೆ, 9ನೇ ತಿಂಗಳ 9ನೇ ದಿನ ತೆನೆ ಕೀಳುವ ಹಬ್ಬಕ್ಕೆ. ಎದುರಾಳಿ ಭತ್ತದ ಚೈತನ್ಯ. ಮೂರು ಸುತ್ತು, ತೀರ್ಪುಗಾರ ಬೇರೆ. ಮೊದಲ ಸುತ್ತು ಚೈತನ್ಯಕ್ಕೆ, ಎರಡನೆಯದು ಮನುಷ್ಯನಿಗೆ, ಮೂರನೆಯದು ಮತ್ತೆ ಚೈತನ್ಯಕ್ಕೆ. 2–1ರಿಂದ ಭತ್ತ ಗೆಲ್ಲಬೇಕು, ಗೆದ್ದರೆ ಬೆಳೆ. ಮನುಷ್ಯನಿಗೆ ಒಂದನ್ನು ಬಿಟ್ಟುಕೊಟ್ಟದ್ದು ನನಗೆ ಬಹಳ ಹಿಡಿಸಿದ ಭಾಗ. ಗದ್ದೆಯಲ್ಲಿ ದುಡಿದವನ ಪಾಲೂ ಅದರೊಳಗೆ ಬಂತು.

ದಿನ ಲೆಕ್ಕ ಹಾಕುವುದು ನಮಗೆ ಸುಲಭ, ಯಾಕೆಂದರೆ ಅವರ ಹಳೆಯ ತಿಂಗಳೂ ಅಮಾವಾಸ್ಯೆಯ ಲೆಕ್ಕದ್ದೇ. 5ನೇ ತಿಂಗಳ 5 ಅಂದರೆ ಹೆಚ್ಚಿನ ವರ್ಷ ನಮ್ಮ ಜ್ಯೇಷ್ಠ ಶುದ್ಧ ಪಂಚಮಿಯ ಹತ್ತಿರ. 9ನೇ ತಿಂಗಳ 9 ಮಹಾನವಮಿಯ ಹತ್ತಿರ. 2023ರಲ್ಲಿ ಎರಡೂ ಅಕ್ಟೋಬರ್ 23ಕ್ಕೇ ಬಿದ್ದವು. ಆದರೆ ಅಧಿಕಮಾಸ ಅವರಲ್ಲಿ ಒಂದು ವರ್ಷ, ನಮ್ಮಲ್ಲಿ ಇನ್ನೊಂದು ವರ್ಷ ಬಂದರೆ ಒಂದು ತಿಂಗಳೇ ವ್ಯತ್ಯಾಸ. 2025ರಲ್ಲಿ ನಮ್ಮ ಮಹಾನವಮಿ ಅಕ್ಟೋಬರ್ 1, ಅವರದ್ದು ಅಕ್ಟೋಬರ್ 29. ಹಾಗಾಗಿ ಪಂಚಾಂಗ ನೋಡಿ ಅಂದಾಜು ಮಾಡಿ, ಟಿಕೆಟ್ ಮಾಡುವ ಮೊದಲು ದೇವಸ್ಥಾನದ ಕಡೆಯಿಂದ ಖಚಿತ ಮಾಡಿಕೊಳ್ಳಿ.

ಬೊಬ್ಬರ್ಯನ ಹೋಲಿಕೆ ತಪ್ಪಲ್ಲ. ಕಡಲಿಗೆ ಹೋಗುವವರನ್ನು ಕಾಯುವವನು ಅಂತ ಹೇಳಿದರೆ ಅಮ್ಮನಿಗೆ ಅರ್ಥ ಆಗುತ್ತದೆ.

ಗಂಗೊಳ್ಳಿ_ಅಳಿವೆ:

ಹಿರಿಯಡ್ಕದವರೇ, ಅಲ್ಲಿಗೇ ನಿಲ್ಲಿಸಬೇಡಿ, ಇಲ್ಲದಿದ್ದರೆ ಅಮ್ಮ ಅಲ್ಲಿ ಹೋಗಿ ದರ್ಶನ, ನುಡಿ ಎಲ್ಲ ಇದೆ ಅಂತ ಕಾಯುತ್ತಾರೆ. ಬೊಬ್ಬರ್ಯ ಕೋಲದಲ್ಲಿ ಮನುಷ್ಯನ ಮೈಮೇಲೆ ಬಂದು ಊರಿನವರ ಜೊತೆ ಮಾತಾಡುವ ದೈವ, ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ. ಓಯಾಮಜುಮಿಯ ನಿತ್ಯ ಕ್ರಮದಲ್ಲಿ ಮಾತಾಡುವುದು ಅರ್ಚಕ. ಹಳೆಯ ಜಪಾನಿ ಭಾಷೆಯ ಪ್ರಾರ್ಥನೆಯನ್ನು ದೇವರ ಎದುರು ಓದುತ್ತಾನೆ, ದೇವರು ಸುಮ್ಮನಿರುತ್ತಾನೆ. ನೂಲ ಹುಣ್ಣಿಮೆಗೆ ನಮ್ಮ ಮೊಗವೀರರು ಕಡಲಿಗೆ ಹಾಲೆರೆದು ಕಾಯಿ ಬಿಡುವ ಸಮುದ್ರ ಪೂಜೆ ಉಂಟಲ್ಲ, ಅದನ್ನು ನೆನಪಿಸಿ ಹೇಳಿ. ಅದು ಇದಕ್ಕೆ ಹೆಚ್ಚು ಹತ್ತಿರ.

ಕದ್ರಿಗುಡ್ಡೆ:

ಎರಡು ವಿಷಯ ಬಿಟ್ಟು ಹೋಗಿತ್ತು.

ಖಜಾನೆ ಮನೆ ಬಿಡಬೇಡಿ. ದೇವಸ್ಥಾನದ ಅಂಗಳಕ್ಕೆ ದುಡ್ಡಿಲ್ಲ, ಇದಕ್ಕೆ ಟಿಕೆಟ್ ಉಂಟು. ಯುದ್ಧ ಗೆದ್ದ ಯೋಧರು ಈ ದೇವರಿಗೆ ಕವಚ, ಕತ್ತಿ ಒಪ್ಪಿಸುತ್ತಿದ್ದರು. ಹಾಗಾಗಿ ಜಪಾನ್ ಸರಕಾರ ಕಾಪಾಡಲು ಗುರುತಿಸಿದ ಹಳೆಯ ಕವಚಗಳ ದೊಡ್ಡ ಪಾಲು ಇದೊಂದೇ ದ್ವೀಪದಲ್ಲಿದೆ, ಕವಚ, ಕತ್ತಿ, ಕನ್ನಡಿ ಸೇರಿ ರಾಷ್ಟ್ರೀಯ ಸಂಪತ್ತು ಅನ್ನಿಸಿಕೊಂಡ ವಸ್ತುಗಳೇ 8. ಮಿನಾಮೊತೊ ಯೊಶಿತ್ಸುನೆ ಒಪ್ಪಿಸಿದ್ದೆಂದು ಹೇಳುವ ಕೆಂಪು ದಾರದ ಕವಚವೂ ಅದರಲ್ಲಿ. ಹತ್ತಿರ ನಿಂತು ನೋಡಿ: ಅರಗು ಹಚ್ಚಿದ ಸಣ್ಣ ಸಣ್ಣ ಹಲಗೆಗಳು, ಒಂದಕ್ಕೊಂದು ರೇಷ್ಮೆ ದಾರದಿಂದ ಹೆಣೆದದ್ದು. ಬೆಳಕಿಗೆ ರೇಷ್ಮೆಯ ಬಣ್ಣ ಹೋಗುತ್ತದೆ, ಒಳಗೆ ಮಬ್ಬಾಗಿದ್ದರೆ ಅದೇ ಕಾರಣ. ಫೋಟೊ ತೆಗೆಯಲು ಬಿಡುವುದಿಲ್ಲ. ಫೋಟೊಕ್ಕೆ ಅಂಗಳದ ನಡುವಿನ ಕರ್ಪೂರದ ಮರ ಉಂಟು, 2600 ವರ್ಷದ್ದು ಅಂತ ಹೇಳಿಕೆ, ಕಾಂಡದ ಸುತ್ತಳತೆ ಸುಮಾರು 11 ಮೀಟರ್.

ಇನ್ನು ಊಟ. ಮೀನು ಕಾಣದಿದ್ದರೆ ಸಸ್ಯಾಹಾರ ಅಂತ ತಿಳಿಯಬೇಡಿ. ಉದೋನ್ (ದಪ್ಪ ನೂಡಲ್ಸ್) ಸಾರು, ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಸಾರು, ತೋಫು ಬೇಯಿಸಿದ ರಸ, ಎಲ್ಲದರ ಬುಡದಲ್ಲಿ ದಾಶಿ ಇರುತ್ತದೆ, ಸಾಮಾನ್ಯವಾಗಿ ಒಣಮೀನಿನಿಂದ ತೆಗೆದದ್ದು. ಸೆತೋ ಕಡೆಯಲ್ಲಿ ಸಣ್ಣ ಒಣಮೀನು ಇರಿಕೊ ಹಾಕುವುದು ಹೆಚ್ಚು. ತೋಫು ಚೀಲದ ಇನಾರಿ ಅನ್ನಕ್ಕೂ ಅದೇ ರಸ. "ಮಾಂಸ ಬೇಡ" ಅಂದರೆ ದಾಶಿ ಬಿಡುವುದಿಲ್ಲ, "ಕಾತ್ಸುಒ ದಾಶಿ, ಇರಿಕೊ ದಾಶಿ ಬೇಡ" ಅಂತ ಜಪಾನಿಯಲ್ಲಿ ಬರೆಸಿದ ಚೀಟಿ ತೋರಿಸಬೇಕು. ಉಪ್ಪಿನಲ್ಲಿ ಹಾಕಿದ ಉಮೆ ಹಣ್ಣಿನ ಅನ್ನದುಂಡೆ ಅಂಗಡಿಯಲ್ಲಿ ಸಿಗುತ್ತದೆ, ಅದರಲ್ಲೂ ಕೆಲವಕ್ಕೆ ಮೀನಿನ ಸಾರ ಸೇರಿಸುತ್ತಾರೆ, ಫೋನಿನ ಕ್ಯಾಮೆರಾದಲ್ಲಿ ಲೇಬಲ್ ಅನುವಾದ ಮಾಡಿ ನೋಡಿ. ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪ್ಯಾಕೆಟ್ ಎರಡು, ಒಂದು ಫ್ಲಾಸ್ಕ್ ಬ್ಯಾಗಿನಲ್ಲಿರಲಿ. ದ್ವೀಪದ ತುಂಬ ಕಿತ್ತಳೆ ಜಾತಿಯ ತೋಟ, ಹಣ್ಣಿಗೆ ತೊಂದರೆ ಇಲ್ಲ.

ಸಮಯ ಉಳಿದರೆ ದೇವಸ್ಥಾನದ ಎದುರು ಬೀದಿಯಲ್ಲಿ ನೇರ ಪಡುವಣಕ್ಕೆ ಮಿಯಾಉರಾ ಬಂದರಿನವರೆಗೆ ನಡೆಯಿರಿ, ಸಪಾಟು ದಾರಿ. ಮೊದಲ ತೋರಿ ಇರುವುದು ಅಲ್ಲಿ, ನೀರಿನ ಹತ್ತಿರ. ಸೇತುವೆ ಆದದ್ದು ಮೊನ್ನೆ ಮೊನ್ನೆ; ಜನ ಬರುತ್ತಿದ್ದದ್ದು ದೋಣಿಯಲ್ಲಿ, ಇಳಿದ ಕೂಡಲೇ ಎದುರಿಗೆ ತೋರಿ, ಹಿಂದೆ ಬೆಟ್ಟ.